ಮೂರು ಸಾಲಿನ ಜಾಗ

ತಿದ್ದಕ್ಕ ಕಥೆಗಳನ್ನು ಹಿಂದಿನಿಂದ ಓದುತ್ತಿದ್ದಳು. ಕೊನೆಯ ಪುಟದ ಕೊನೆಯ ಸಾಲಿನಿಂದ ಶುರು ಮಾಡಿ, ಒಂದೊಂದೇ ಸಾಲು ಮೇಲಕ್ಕೆ ಹತ್ತುತ್ತ ಮೊದಲ ಪುಟದ ತಲೆಬರಹಕ್ಕೆ ಬಂದು ಕನ್ನಡಕ ತೆಗೆಯುತ್ತಿದ್ದಳು. ಕೇಳಿದವರು ನಗುತ್ತಾರೆ. ನಗುವವರು ನಗಲಿ. ಅಚ್ಚಿಗೆ ಹೋಗುವ ಕರಡು ತಿದ್ದುವವರಿಗೆ ಕಥೆಯಂಥ ಕಳ್ಳ ಇನ್ನೊಬ್ಬನಿಲ್ಲ. ಮುಂದಿನಿಂದ ಓದಿದಿರೋ, ಕೈ ಹಿಡಿದು ಎಳೆದುಕೊಂಡು ಹೋಗುತ್ತದೆ. ರಾಕ್ಷಸ ಬಂದ, ನೌಕೆ ಒಡೆಯಿತು ಎಂದು ನೀವು ಬಾಯಿ ಬಿಟ್ಟುಕೊಂಡು ಅದರ ಹಿಂದೆ ಓಡುವಷ್ಟರಲ್ಲಿ ಬಿಟ್ಟುಹೋದ ಅಕ್ಷರ, ತಲೆಕೆಳಗಾದ ಒತ್ತು, ಎರಡು ಸಲ ಬಿದ್ದ ಪದ ಎಲ್ಲ ಸದ್ದಿಲ್ಲದೆ ಜಾರಿಕೊಂಡಿರುತ್ತವೆ. ಹಿಂದಿನಿಂದ ಓದಿದರೆ ಕಥೆಯ ಆಟ ನಡೆಯುವುದಿಲ್ಲ. ಅಲ್ಲಿರುವುದು ಬರೀ ಅಕ್ಷರ.

ಈ ವಿದ್ಯೆಯನ್ನು ಅವಳಿಗೆ ಕಲಿಸಿದ್ದು ಅವಳಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದ ಮುದುಕ. ಇಪ್ಪತ್ತೆಂಟನೇ ವಯಸ್ಸಿಗೆ ಬಂದು ಕೂತವಳಿಗೆ ಈಗ ಅರವತ್ತು. ಮಕ್ಕಳ ಪುಸ್ತಕಗಳ ಪ್ರಕಾಶನ ಅದು. ಕೆಳಗೆ ಅಚ್ಚುಕೂಟ, ಮೇಲೆ ಕಚೇರಿ. ಹಾರುವ ಪಟ್ಟಣಗಳು, ಮಾತಾಡುವ ಯಂತ್ರಗಳು, ಸಮುದ್ರದ ತಳದ ಶಾಲೆಗಳು, ಮೂರು ತಲೆಯ ರಾಜಕುಮಾರಿಯರು, ಏನೆಲ್ಲ ಅವಳ ಮೇಜಿನ ಮೇಲೆ ಹಾದುಹೋಗಿದ್ದವು. ಒಂದರ ಕಥೆಯೂ ಅವಳಿಗೆ ಗೊತ್ತಿರಲಿಲ್ಲ. ತಂಗಿಯ ಮಕ್ಕಳು ಚಿಕ್ಕವರಿದ್ದಾಗ, ದೊಡ್ಡಮ್ಮನಿಗೆ ಎಲ್ಲ ಕಥೆ ಬರುತ್ತದೆ ಎಂದು ಆಸೆಯಿಂದ ಹತ್ತಿರ ಬಂದು ಕೂತು, ಏನೂ ಬರುವುದಿಲ್ಲ ಎಂದು ಗೊತ್ತಾಗಿ ಎದ್ದು ಹೋಗಿದ್ದರು. ಆಮೇಲೆ ಬಂದು ಕೂರಲಿಲ್ಲ.

ಹೆಸರಿಗೇನು, ಅವಳಿಗೂ ಒಂದು ಹೆಸರಿತ್ತು. ಆದರೆ ತಿದ್ದುವ ಅಕ್ಕ ತಿದ್ದಕ್ಕ ಆಗಿ ಎಷ್ಟೋ ವರ್ಷವಾಗಿ, ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಆ ಹೆಸರು ನೆನಪಾಗುತ್ತಿತ್ತು. ದರ್ಜಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಕೆಳಗೆ ಹೊಲಿಗೆ ಯಂತ್ರ ನಿಂತಾಗ ಕೋಣೆಯಲ್ಲಿ ಎಷ್ಟು ಮೌನ ಎನ್ನುವುದು ತಿಳಿಯುತ್ತಿತ್ತು. ಭಾನುವಾರ ತಂಗಿ ಫೋನು ಮಾಡಿ, ಊಟ ಆಯ್ತಾ, ಆಯ್ತು, ಮತ್ತೇನು ಸಮಾಚಾರ, ಏನಿಲ್ಲ ಎಂದು ಮುಗಿಸುತ್ತಿದ್ದಳು. ಏನಿಲ್ಲ ಎನ್ನುವುದು ಸುಳ್ಳೂ ಆಗಿರಲಿಲ್ಲ.

ಹೀಗಿರುವಾಗ ಯಜಮಾನರ ಮಗಳು, ಎಲ್ಲರೂ ಚಿಕ್ಕ ಯಜಮಾನಿ ಎನ್ನುವವಳು, ‘ಮಿಣುಕು’ ಸರಣಿಯನ್ನು ಹೊಸದಾಗಿ ತರುವ ಮನಸ್ಸು ಮಾಡಿದಳು. ಹನ್ನೊಂದು ಪುಸ್ತಕ, ದೊಡ್ಡ ಆಕಾರ, ದಪ್ಪ ಅಕ್ಷರ, ಹೊಸ ಚಿತ್ರ. ಮಿಣುಕು ಅನ್ನುವುದೊಂದು ಪುಟ್ಟ ಚಂದ್ರ. ಅಲ್ಲಿ ದೂಳಿನ ಸಮುದ್ರ, ಅದರಲ್ಲಿ ಈಜುವ ದೂಳುಮೀನು, ದಡದಲ್ಲಿ ನಲವತ್ತು ದೀಪಕಂಬಗಳ ಒಂದು ಠಾಣೆ. ಇಷ್ಟು ತಿದ್ದಕ್ಕನಿಗೂ ಗೊತ್ತಿತ್ತು, ಯಾಕೆಂದರೆ ಅದು ಪುಸ್ತಕದ ಹಿಂಬದಿಯ ರಟ್ಟಿನ ಮೇಲೇ ಅಚ್ಚಾಗಿತ್ತು. ಬರೆದವರು ಒಬ್ಬ ಗಣಿತದ ಮೇಷ್ಟ್ರು. ಒಂದು ಕಾಲಕ್ಕೆ ಆ ಪುಸ್ತಕಕ್ಕಾಗಿ ಮಕ್ಕಳು ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಈಗ ಮೇಷ್ಟ್ರು ಬರೆಯುವುದನ್ನು ನಿಲ್ಲಿಸಿ ಹತ್ತು ವರ್ಷವಾಗಿತ್ತು.

ಹೊಸ ಮುದ್ರಣದ ಸುದ್ದಿ ಹೊರಬಿದ್ದದ್ದೇ ತಡ ಕಾಗದಗಳು ಬಂದವು. ತಪ್ಪು ಹುಡುಕಿ ಬರೆದ ಕಾಗದವೆಲ್ಲ ತಿದ್ದಕ್ಕನ ಮೇಜಿಗೆ ಬರಬೇಕೆನ್ನುವುದು ಅಲ್ಲಿಯ ಪದ್ಧತಿ. ಅವುಗಳಲ್ಲಿ ಒಂದು, ಗೆರೆ ಹಾಕಿದ ಹಾಳೆಯಲ್ಲಿ ಬರೆದದ್ದು, ಹೀಗಿತ್ತು:

“ಪುಸ್ತಕ ಮಾಡುವವರಿಗೆ ನಮಸ್ಕಾರ. ನಾನು ಐದನೇ ಕ್ಲಾಸು. ನಾಲ್ಕನೇ ಪುಸ್ತಕದ ಕೊನೆಯಲ್ಲಿ ದೀಪದಕ್ಕ ಕೊನೆಯ ದೀಪ ಆರಿಸಿ ಬಾಗಿಲಲ್ಲಿ ನಿಂತಿರುತ್ತಾಳೆ. ಆಮೇಲೆ ನೌಕೆ ಹೋಗಿಬಿಡುತ್ತದೆ. ಅವಳನ್ನು ಯಾಕೆ ಯಾರೂ ಕರೆಯಲಿಲ್ಲ? ಅಣ್ಣ ಅವಳನ್ನು ದೂಳುಮೀನು ತಿಂದಿತು ಅನ್ನುತ್ತಾನೆ. ನಾನು ಇಲ್ಲ ಅಂದೆ. ಇದು ಅಮ್ಮನ ಪುಸ್ತಕ. ಅಮ್ಮನಿಗೂ ಚಿಕ್ಕವಳಿದ್ದಾಗ ಇದೇ ಬೇಜಾರಿತ್ತಂತೆ, ಆದರೆ ಆಗ ಕೇಳಲಿಲ್ಲವಂತೆ. ಹೊಸ ಪುಸ್ತಕದಲ್ಲಾದರೂ ಅವಳನ್ನು ಕರೆಯಿರಿ.”

ತಿದ್ದಕ್ಕ ಕಾಗದವನ್ನೂ ಕೆಳಗಿನಿಂದಲೇ ಓದಿದ್ದಳು, ಅಭ್ಯಾಸಬಲ. ಮೇಲಿನವರೆಗೆ ಬಂದವಳು ಕನ್ನಡಕ ತೆಗೆಯಲಿಲ್ಲ. ನಾಲ್ಕನೇ ಪುಸ್ತಕ, ಕೊನೆಯ ಪುಟ. ಆ ಪುಟದಲ್ಲಿ ತಾನು ಮಾಡಿದ ಒಂದು ಕೆಲಸ ಅವಳಿಗೆ ಇಪ್ಪತ್ತಾರು ವರ್ಷದ ನಂತರವೂ ಚೆನ್ನಾಗಿ ನೆನಪಿತ್ತು.

ಆಗೆಲ್ಲ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಹದಿನಾರು ಪುಟ ಸೇರಿದರೆ ಒಂದು ಫಾರಂ. ಪುಸ್ತಕ ಹತ್ತು ಫಾರಂ ಎಂದರೆ ನೂರ ಅರವತ್ತು ಪುಟ. ನೂರ ಅರವತ್ತೊಂದನೇ ಪುಟಕ್ಕೆ ಒಂದೇ ಒಂದು ಸಾಲು ಜಾರಿದರೂ ಇನ್ನೊಂದು ಫಾರಂ ಹಾಕಬೇಕು, ಹದಿನೈದು ಪುಟ ಬೋಳು ಬಿಡಬೇಕು. ಅದಕ್ಕೇ ಲೇಖಕರು ಕೊನೆಯ ಕರಡಿಗೆ ಸಹಿ ಹಾಕಿದ ಮೇಲೆ ಯಾರೂ ಒಂದು ಚುಕ್ಕೆಯನ್ನೂ ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ.

ಮೇಷ್ಟ್ರು ಪ್ರತಿ ಗುರುವಾರ ಶಾಲೆ ಬಿಟ್ಟ ಮೇಲೆ ಬರುತ್ತಿದ್ದರು. ತಿದ್ದಕ್ಕನ ಎದುರಿನ ಸ್ಟೂಲಿನ ಮೇಲೆ ಕೂತು ಹಸಿರು ಶಾಯಿಯಲ್ಲಿ ಕರಡು ನೋಡುತ್ತಿದ್ದರು. ಮಾತು ಕಡಿಮೆ. ಚಹಾ ಬಂದರೆ ತಮ್ಮ ಲೋಟವನ್ನು ಕರಡಿನಿಂದ ದೂರ ಇಟ್ಟು, ಅವಳದನ್ನೂ ದೂರ ಸರಿಸುತ್ತಿದ್ದರು. ಯಜಮಾನರಿಂದ ಹಿಡಿದು ಮೊಳೆ ಜೋಡಿಸುವವರ ತನಕ ಎಲ್ಲರೂ ಅವಳನ್ನು ಅಕ್ಕ ಅನ್ನುವವರೇ. ಮೇಷ್ಟ್ರು ಮಾತ್ರ ಬಾಯಿತಪ್ಪಿಯೂ ಅಕ್ಕ ಅನ್ನಲಿಲ್ಲ. “ಇವರೇ, ಈ ಸಾಲು ನೋಡಿ” ಅನ್ನುತ್ತಿದ್ದರು. ತಿದ್ದಕ್ಕ ಗುರುವಾರ ಒಳ್ಳೆಯ ಸೀರೆ ಉಡುತ್ತಿದ್ದಳು. ಯಾಕೆಂದು ಯಾರೂ ಕೇಳಲಿಲ್ಲ, ಅವಳೂ ತನ್ನನ್ನು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

ನಾಲ್ಕನೇ ಪುಸ್ತಕದ ಕೊನೆಯ ಫಾರಮ್ಮಿನ ದಿನ ಮೇಷ್ಟ್ರು ಯಾಕೋ ಕೂರಲಿಲ್ಲ. ನಿಂತೇ ಕೊನೆಯ ಪುಟದ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಏನೋ ಬರೆದು ಸೇರಿಸಿದರು, ಸಹಿ ಹಾಕಿದರು, ಚಹಾಕ್ಕೂ ಕಾಯದೆ ಹೊರಟುಹೋದರು. ಮೊಳೆ ಜೋಡಿಸಿದ ಮೇಲೆ ಕೆಳಗಿನಿಂದ ಕೂಗು ಬಂತು: ಅಕ್ಕಾ, ಮೂರು ಸಾಲು ಹೊರಗೆ ಬಿತ್ತು. ಯಂತ್ರ ಬಿಸಿಯಾಗಿ ನಿಂತಿತ್ತು. ಶಾಲೆ ಶುರುವಾಗುವ ಮೊದಲು ಪುಸ್ತಕ ಅಂಗಡಿಗೆ ಹೋಗಬೇಕಿತ್ತು. ಯಜಮಾನರು ಊರಲ್ಲಿರಲಿಲ್ಲ. ಮೇಷ್ಟ್ರು ಸೇರಿಸಿದ್ದೂ ಮೂರು ಸಾಲು, ಹೊರಗೆ ಬಿದ್ದದ್ದೂ ಮೂರು ಸಾಲು. ತಿದ್ದಕ್ಕ ಆ ಮೂರನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. ಅಕ್ಷರ ಎಲ್ಲ ಸರಿಯಿತ್ತು. ಮೇಲೂ ಕೆಳಗೂ ಒಂದೊಂದು ವಾಕ್ಯ ಮುಗಿದಿತ್ತು, ನಡುವಿನದು ತೆಗೆದರೆ ಎಲ್ಲೂ ಹರಿದಂತೆ ಕಾಣುತ್ತಿರಲಿಲ್ಲ. ತೆಗೆಸಿದಳು. ಬರುವ ಗುರುವಾರ ಹೇಳಿ ಕ್ಷಮೆ ಕೇಳಿದರಾಯಿತು ಅಂದುಕೊಂಡಳು.

ಬರುವ ಗುರುವಾರ ಮೇಷ್ಟ್ರು ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಪುಸ್ತಕ ಆ ವಾರದೊಳಗೇ ಅಂಗಡಿ ಸೇರಿತ್ತು; ಅವರಿಂದ ಒಂದು ಬೈಗುಳವಾದರೂ ಬರಲಿ ಎಂದು ಕಾದಳು, ಅದೂ ಬರಲಿಲ್ಲ. ಐದನೇ ಪುಸ್ತಕ ಅಂಚೆಯಲ್ಲಿ ಬಂತು. ಆರನೆಯದೂ ಅಂಚೆಯಲ್ಲಿ. ಸಹಿ ಹಾಕಿದ ಕರಡೂ ಅಂಚೆಯಲ್ಲೇ ವಾಪಸು. ಮೂರು ಸಾಲಿಗೆ ಇಷ್ಟು ಸಿಟ್ಟೇ, ದೊಡ್ಡ ಮನುಷ್ಯರಪ್ಪಾ, ಎಂದು ಮೊದಮೊದಲು ಒಳಗೊಳಗೇ ಉರಿದಳು. ಆಮೇಲೆ ಉರಿ ಆರಿತು, ಗುರುವಾರಗಳು ಉಳಿದವು. ಒಳ್ಳೆಯ ಸೀರೆ ಪೆಟ್ಟಿಗೆ ಸೇರಿತು.

ಈಗ ಈ ಪುಟ್ಟ ಹುಡುಗಿಯ ಕಾಗದ. ಹಾಗಾದರೆ ಆ ಮೂರು ಸಾಲಿನಲ್ಲಿ ಇದ್ದದ್ದು ಆ ದೀಪದವಳನ್ನು ಕರೆಯುವ ಮಾತು. ತಾನು ತೆಗೆದದ್ದರಿಂದ ಒಬ್ಬ ಹೆಂಗಸು ಇಪ್ಪತ್ತಾರು ವರ್ಷದಿಂದ ಒಂದು ಚಂದ್ರನ ಮೇಲೆ ಬಾಗಿಲಲ್ಲಿ ನಿಂತಿದ್ದಾಳೆ. ಕಾಗದದ ಹೆಂಗಸು ಎಂದು ನೀವು ಹೇಳಬಹುದು. ಹೇಳಿ ನೋಡಿ ತಿದ್ದಕ್ಕನಿಗೆ. ಅವಳ ಬದುಕಿನಲ್ಲಿ ಕಾಗದದ್ದಲ್ಲದೆ ಇನ್ನೇನಿತ್ತು?

ಅಂದು ಸಂಜೆ ಅವಳು ನಾಲ್ಕನೇ ಪುಸ್ತಕವನ್ನು ಮನೆಗೆ ಒಯ್ದು, ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, ಮೊದಲ ಸಾಲಿನಿಂದ ಓದಲು ಶುರು ಮಾಡಿದಳು. ಜೀವಮಾನದಲ್ಲಿ ಮೊದಲ ಸಲ. ಮೊದಮೊದಲು ಕಣ್ಣು ಹಠ ಹಿಡಿಯಿತು, ಪುಟದ ಕೆಳಕ್ಕೆ ಜಾರಿ ಜಾರಿ ಹೋಯಿತು. ಆಮೇಲೆ ಕಥೆ ಕೈ ಹಿಡಿಯಿತು. ದೂಳಿನ ಬಿರುಗಾಳಿ ಏಳುತ್ತದೆ, ಠಾಣೆ ಬಿಡಬೇಕು. ನೌಕೆ ನಡೆಸುವವನು ಹೆಚ್ಚು ಮಾತಾಡದ ಒಬ್ಬ ನಾವಿಕ. ಮತ್ತೆ ಆ ದೀಪದಕ್ಕ: ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡವಳು, ದಿನವೂ ನಲವತ್ತು ದೀಪವನ್ನು ಕೊನೆಯ ಕಂಬದಿಂದ ಮೊದಲ ಕಂಬದ ಕಡೆಗೆ ಹಿಂದೆ ಹಿಂದೆ ನಡೆಯುತ್ತ ಆರಿಸುವವಳು. ಕಣ್ಣು ಕುಕ್ಕಬಾರದೆಂದು ಹಾಗೆ ನಡೆಯುತ್ತಾಳಂತೆ. ಈ ಹೆಂಗಸನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎಂದು ತಿದ್ದಕ್ಕ ಕನ್ನಡಕವನ್ನು ದಾರದಲ್ಲಿ ಇಳಿಬಿಟ್ಟು ಕಣ್ಣೊರೆಸಿಕೊಂಡಳು, ಮುಂದೆ ಓದಿದಳು.

ಕೊನೆಯ ಪುಟದಲ್ಲಿ ಒಂಬತ್ತು ಜನ ನೌಕೆ ಹತ್ತಿದರು. ದೀಪದಕ್ಕ ಕೊನೆಯ ದೀಪ ಆರಿಸಿ ಬಾಗಿಲಲ್ಲಿ ನಿಂತಿದ್ದಳು. ನೌಕೆ ಮೇಲೆದ್ದಿತು. ಅಷ್ಟೇ. ಅಕ್ಷರ ಒಂದೂ ತಪ್ಪಿರಲಿಲ್ಲ. ತಿದ್ದಕ್ಕ ಪುಸ್ತಕ ಮುಚ್ಚಿ, ಗೋಡೆ ನೋಡುತ್ತ, ಮಗು ಅತ್ತ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

ಮುಂದಿನ ವಾರದಲ್ಲಿ ಮೊದಲ ಮೂರು ಪುಸ್ತಕವನ್ನೂ ನಾಲ್ಕನೆಯದರ ನಂತರದ ಏಳನ್ನೂ ಓದಿ ಮುಗಿಸಿದಳು. ಆ ಏಳರಲ್ಲಿ ಕಥೆಯ ಮಕ್ಕಳು ನಾವಿಕನ ಜೊತೆ ಬೇರೆ ಲೋಕಗಳಿಗೆ ಹೋಗುತ್ತಾರೆ. ಮಿಣುಕಿಗೆ ಯಾರೂ ವಾಪಸು ಹೋಗುವುದಿಲ್ಲ. ಆದರೆ ಪ್ರತಿ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಒಂದು ಸಾಲು ಬರುತ್ತದೆ. ನಾವಿಕ ಕಿಟಕಿಯಿಂದ ನೋಡುತ್ತಾನೆ. ದೂರದ ಮಿಣುಕಿನ ಮೇಲೆ ಒಂದು ದೀಪ ಇನ್ನೂ ಉರಿಯುತ್ತಿದೆ. ಏಳು ಪುಸ್ತಕ, ಏಳು ಸಲ. ಮೇಷ್ಟ್ರು ಮರೆತಿರಲಿಲ್ಲ. ನೀವು ಬಿಟ್ಟುಬಿಟ್ಟವಳು ಇನ್ನೂ ಅಲ್ಲೇ ಇದ್ದಾಳೆ ನೋಡಿ ಎಂದು ಏಳು ಸಲ ಎತ್ತಿ ಆಡಿದ್ದಾರೆ, ತಾನು ಏಳು ಸಲವೂ ಅಕ್ಷರ ಸರಿಯಿದೆ ಎಂದು ಮುದ್ರೆ ಒತ್ತಿ ಕಳಿಸಿದ್ದೇನೆ.

ಆ ಸಾಲುಗಳನ್ನು ವಾಪಸು ಹಾಕಲೇಬೇಕು. ಹೊಸ ಆಕಾರದಲ್ಲಿ ಜಾಗಕ್ಕೆ ಬರವಿಲ್ಲ, ಕೊನೆಯ ಪುಟ ಅರ್ಧ ಖಾಲಿ. ಆದರೆ ಸಾಲೆಲ್ಲಿ? ಹಳೆಯ ಕರಡುಗಳನ್ನು ರದ್ದಿಯವನಿಗೆ ಹಾಕಿ ಎಷ್ಟೋ ಕಾಲವಾಗಿತ್ತು. ಇದ್ದರೆ ಒಬ್ಬರ ಹತ್ತಿರ ಇರಬೇಕು. ಅವರ ಮುಂದೆ ನಿಂತು, ತೆಗೆದವಳು ನಾನೇ ಎನ್ನಬೇಕು. ತಿದ್ದಕ್ಕ ಮೂರು ದಿನ ಹೋಗುವುದೋ ಬೇಡವೋ ಎಂದು ಒದ್ದಾಡಿದಳು. ನಾಲ್ಕನೇ ದಿನ ರಜೆ ಹಾಕಿ ಬಸ್ಸು ಹತ್ತಿದಳು. ಅಂದು ಗುರುವಾರ. ಬೇಕೆಂದೇ ಆರಿಸಿಕೊಂಡದ್ದಲ್ಲ ಎಂದು ಅವಳು ಹೇಳಿಕೊಂಡಳು. ಪೆಟ್ಟಿಗೆಯಿಂದ ಹಳೆಯ ಸೀರೆ ತೆಗೆದು ಉಟ್ಟದ್ದಕ್ಕೆ ಮಾತ್ರ ಯಾವ ಸಬೂಬೂ ಸಿಗಲಿಲ್ಲ.

ಮೇಷ್ಟ್ರ ಮನೆ ಊರಿನ ಆ ತುದಿಗೆ, ಸೈಕಲ್ ರಿಪೇರಿ ಅಂಗಡಿಯ ಹಿಂದೆ. ಬಾಗಿಲು ತೆಗೆದದ್ದು ಅವರ ಅಕ್ಕ. ಕಿವಿ ಅಷ್ಟಕ್ಕಷ್ಟೆ, ಬಂದವರು ಯಾರೆಂದು ವಿಚಾರಿಸುವ ಗೋಜಿಗೆ ಹೋಗದೆ ಒಳಗೆ ಕರೆದು ಕೂರಿಸಿ ಚಹಾ ಮಾಡಲು ಹೋದರು. ಗೋಡೆಯ ತುಂಬ ಮಕ್ಕಳು ಕಳಿಸಿದ ದೂಳುಮೀನಿನ ಚಿತ್ರಗಳು. ಮೇಷ್ಟ್ರು ಒಳಕೋಣೆಯಿಂದ ಬಂದರು. ಕೂದಲು ಬೆಳ್ಳಗಾಗಿತ್ತು, ಬೆನ್ನು ಸ್ವಲ್ಪ ಬಾಗಿತ್ತು. ಅವಳನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತರು. ಆಮೇಲೆ, ಇವರೇ, ಕೂತ್ಕೊಳ್ಳಿ ಎಂದರು. ಅವಳು ಆಗಲೇ ಕೂತಿದ್ದಳು.

ತಿದ್ದಕ್ಕ ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಉಸಿರು ಬಿಡದೆ ಒಪ್ಪಿಸಿದಳು. ಫಾರಂ ತುಂಬಿದ್ದು, ಮೂರು ಸಾಲು ಹೊರಗೆ ಬಿದ್ದದ್ದು, ಸಹಿಯಾದ ಕರಡಿಗೆ ತಾನು ಕೈ ಹಾಕಿದ್ದು, ಕ್ಷಮೆ ಕೇಳಬೇಕೆಂದಿದ್ದು, ಮಗುವಿನ ಕಾಗದ. ಈಗ ಜಾಗವಿದೆ, ಆ ಸಾಲು ಕೊಟ್ಟರೆ ಹಾಕುತ್ತೇನೆ ಎಂದಳು. ಮೇಷ್ಟ್ರು ಮಧ್ಯೆ ಬಾಯಿ ಹಾಕದೆ ಕೇಳಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಏನಿತ್ತೆಂದು ಅವಳಿಗೆ ತಿಳಿಯಲಿಲ್ಲ.

“ಆ ಮೂರು ಸಾಲು ನೀವು ಓದಿರಲಿಲ್ವಾ?” ಎಂದು ಕೊನೆಗೆ ಕೇಳಿದರು.

“ಓದಿದ್ದೆ. ಕೆಳಗಿಂದ. ನನಗೆ ಕಥೆ ಗೊತ್ತಾಗಲ್ಲ, ಅಕ್ಷರ ಮಾತ್ರ.”

ಮೇಷ್ಟ್ರು, ಹಳೆಯ ಕರಡೇನೂ ಬೇಡ, ನನಗೆ ನೆನಪಿದೆ, ಬರೆದುಕೊಳ್ಳಿ ಎಂದರು. ತಿದ್ದಕ್ಕ ಚೀಲದಿಂದ ಹಾಳೆ ತೆಗೆದಳು. ಅವರು ನಿಧಾನವಾಗಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ಹೇಳಿದರು. ಅವಳು ಬರೆದಳು. ಬರೆದು ಮುಗಿಸಿ ಎಂದಿನಂತೆ ಕೆಳಗಿನ ಸಾಲಿನಿಂದ ತಪ್ಪು ನೋಡತೊಡಗಿದಳು: ದೀಪದಕ್ಕ ಒಂದು ಗಳಿಗೆ ಯೋಚಿಸಿ, ಹತ್ತಿ ಕೂತಳು. ಸರಿಯಿದೆ. ಅದರ ಮೇಲಿನದು, ಸರಿಯಿದೆ. ಅದರ ಮೇಲಿನದು, ಅದೂ ಸರಿಯಿದೆ.

“ಮುಂದಿಂದ ಓದಿ, ಇವರೇ,” ಎಂದರು ಮೇಷ್ಟ್ರು. “ಒಂದು ಸಲ.”

ಅವಳು ಮುಂದಿನಿಂದ ಓದಿದಳು.

“ನಾವಿಕ ಬಾಗಿಲಿಗೆ ಬಂದು, ‘ಇವರೇ, ದೀಪವೆಲ್ಲ ಆರಿಸಿ ಆಯಿತಲ್ಲ.
ನನ್ನ ಪಕ್ಕದ ಸೀಟು ಮೊದಲಿನಿಂದಲೂ ನಿಮ್ಮದೇ. ಬರುತ್ತೀರಾ?’ ಎಂದ.
ದೀಪದಕ್ಕ ಒಂದು ಗಳಿಗೆ ಯೋಚಿಸಿ, ಹತ್ತಿ ಕೂತಳು.”

ಇಡೀ ಪುಸ್ತಕದಲ್ಲಿ ಆ ಹೆಂಗಸನ್ನು ಎಲ್ಲರೂ ದೀಪದಕ್ಕ ಅನ್ನುತ್ತಾರೆ. ಇಲ್ಲಿ, ಈ ಮೂರು ಸಾಲಿನಲ್ಲಿ ಮಾತ್ರ, ಇವರೇ. ಕೊರಳಿನ ದಾರ, ಹಿಂದೆ ಹಿಂದೆ ನಡೆಯುವುದು, ಎಲ್ಲೋ ನೋಡಿದ ಹಾಗೆ ಅನಿಸಿದ್ದು. ತಿದ್ದಕ್ಕನಿಗೆ ಒಂದೊಂದಾಗಿ ಹೊಳೆಯಿತು.

ಬಾಯಿಬಿಟ್ಟು ಕೇಳುವ ಧೈರ್ಯ ಇರಲಿಲ್ಲ ಎಂದು ಮೇಷ್ಟ್ರು ಹೇಳಿದರು. ಕಥೆಯಲ್ಲಿ ಆ ಜಾಗವನ್ನು ಮೊದಲಿನಿಂದಲೂ ಬಿಟ್ಟುಕೊಂಡೇ ಬಂದಿದ್ದರು. ಬರೆಯುವ ಧೈರ್ಯ ಬಂದದ್ದು ಕೊನೆಯ ಕರಡಿನ ದಿನ. ತಾವು ಬರೆದದ್ದನ್ನು ಲೋಕದಲ್ಲಿ ಎಲ್ಲರಿಗಿಂತ ಮೊದಲು ಓದುವವಳು ಅವಳೇ. ಅವಳ ಕಣ್ಣಿಗೆ ಬೀಳದೆ ಒಂದು ಚುಕ್ಕೆಯೂ ಆಚೆ ಹೋಗುವುದಿಲ್ಲ. ಒಪ್ಪಿಗೆಯಿದ್ದರೆ ಸಾಲು ಉಳಿಯುತ್ತದೆ, ಇಲ್ಲದಿದ್ದರೆ ತಮಗೆ ಹೇಳುತ್ತಾಳೆ ಎಂದು ಎಣಿಸಿದ್ದರು. ಗುರುವಾರದ ತನಕ ಕಾಯಲಾಗದೆ ಅಂಗಡಿಗೆ ಹೋಗಿ ತಮ್ಮದೇ ಪುಸ್ತಕ ಕೊಂಡು, ಫುಟ್‌ಪಾತಿನ ಮೇಲೇ ನಿಂತು ಕೊನೆಯ ಪುಟ ತೆಗೆದಿದ್ದರು.

“ಮೂರು ಸಾಲೂ ಇರಲಿಲ್ಲ,” ಎಂದರು. “ಅದಕ್ಕಿಂತ ಸ್ಪಷ್ಟವಾಗಿ ಇನ್ಯಾರು ಉತ್ತರ ಹೇಳ್ತಾರೆ? ಆಮೇಲೆ ನಿಮ್ಮ ಮುಂದೆ ಬಂದು ಕೂರೋ ಮುಖ ನನಗಿರಲಿಲ್ಲ.”

“ಜಾಗ ಇರಲಿಲ್ಲ,” ಎಂದಳು ತಿದ್ದಕ್ಕ. “ಫಾರಂನಲ್ಲಿ ಜಾಗ ಇರಲಿಲ್ಲ, ಅಷ್ಟೇ.”

ಮೇಷ್ಟ್ರು ತಲೆಯಾಡಿಸಿದರು. ಆಮೇಲೂ ಆಸೆ ಪೂರ್ತಿ ಬಿಟ್ಟಿರಲಿಲ್ಲವಂತೆ. ಒಂದೊಂದು ಪುಸ್ತಕದಲ್ಲೂ ಆ ದೀಪದ ಸಾಲು ಹಾಕಿ ಕಳಿಸಿ, ಕರಡು ವಾಪಸು ಬಂದಾಗ ಮೊದಲು ಅದನ್ನೇ ತೆಗೆದು ನೋಡುತ್ತಿದ್ದರಂತೆ. ಆರು ಸಲ ಹಾಗೆಯೇ ಬಂತು. ಎಂಟನೇ ಪುಸ್ತಕದಲ್ಲಿ ಮಾತ್ರ ಅವಳು ಆ ಸಾಲಿನಲ್ಲಿ ಒಂದು ಅಲ್ಪವಿರಾಮ ಹಾಕಿದ್ದಳು. ಆ ಅಲ್ಪವಿರಾಮದ ಮುಂದೆ ಒಂದು ತಿಂಗಳು ಕೂತಿದ್ದೆ, ಏನಾದರೂ ಅರ್ಥ ಇರಬಹುದಾ ಅಂತ, ಎಂದು ಹೇಳಿ ಅವರು ನಗಲು ನೋಡಿದರು. ತಿದ್ದಕ್ಕನಿಗೆ ನಗು ಬರಲಿಲ್ಲ. ಆ ಅಲ್ಪವಿರಾಮ ಅವಳಿಗೆ ನೆನಪೂ ಇರಲಿಲ್ಲ.

ಅವರ ಅಕ್ಕ ಚಹಾ ತಂದು, ಏನು ಇಬ್ಬರೂ ಕತ್ತಲಲ್ಲಿ ಕೂತಿದ್ದೀರಿ ಎಂದು ಗದರಿ ದೀಪ ಹಾಕಿ ಹೋದರು. ಬೆಳಕಿನಲ್ಲಿ ಇಬ್ಬರೂ ಮುದುಕರಾಗಿ ಕಂಡರು. ಮೇಷ್ಟ್ರು ಕೈಚಾಚಿ ಅವಳ ಲೋಟವನ್ನು ಹಾಳೆಯಿಂದ ದೂರ ಸರಿಸಿದರು. ತಿದ್ದಕ್ಕ ಅದನ್ನು ನೋಡಿದಳು. ಈಗ ಕೇಳುತ್ತಾರೆ, ಇನ್ನೊಂದು ಸಲ ಕೇಳುತ್ತಾರೆ ಎಂದು ಕಾದಳು. ಇಪ್ಪತ್ತಾರು ವರ್ಷ ಇಲ್ಲವೆಂದುಕೊಂಡೇ ಬದುಕಿದ ಮನುಷ್ಯ. ಕೇಳುವ ಅಭ್ಯಾಸ ಅವರಿಗೆ ತಪ್ಪಿಹೋಗಿತ್ತು. ಹೌದು ಅನ್ನುವ ಅಭ್ಯಾಸ ಅವಳಿಗೆ ಎಂದೂ ಆಗಿರಲಿಲ್ಲ. ಲೋಟ ಖಾಲಿಯಾಯಿತು.

ಬಸ್‌ಸ್ಟಾಪಿನವರೆಗೆ ಅವರು ಬಂದರು. ಬಸ್ಸು ಬರುವಾಗ ಮಾತ್ರ ಒಂದು ಮಾತು ಹೇಳಿದರು. ಸಾಲು ಹಾಕಿದರೆ ದೀಪದಕ್ಕ ನಾಲ್ಕನೇ ಪುಸ್ತಕದಲ್ಲೇ ಹೊರಟುಬಿಡುತ್ತಾಳೆ. ಮುಂದಿನ ಏಳು ಪುಸ್ತಕದಲ್ಲಿ ಆ ದೀಪ ಹಚ್ಚುವವರು ಯಾರೂ ಇರುವುದಿಲ್ಲ.

“ಎರಡರಲ್ಲಿ ಒಂದು ಸುಳ್ಳಾಗುತ್ತೆ. ಯಾವುದು ಉಳಿಬೇಕು ಅನ್ನೋದು ನೀವೇ ನೋಡಿ. ತಿದ್ದೋದು ನಿಮ್ಮ ಕೆಲಸ.”

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಇಳಿಯುವವರೆಗೂ ಅವಳು ಅದರ ಮೇಲೆ ಚೀಲ ಇಡಲಿಲ್ಲ.

ಮರುದಿನ ಕಚೇರಿಯಲ್ಲಿ ಅವಳು ಮೂರು ಸಾಲನ್ನು ಅವುಗಳ ಜಾಗದಲ್ಲಿ ಸೇರಿಸಿದಳು. ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ. ಆಮೇಲೆ ಐದನೇ ಪುಸ್ತಕದ ಕರಡು ತೆಗೆದು, ದೀಪದ ಸಾಲಿನ ಮೇಲೆ ಪೆನ್ನು ಹಿಡಿದು ಕೂತಳು. ಮೂವತ್ತೆರಡು ವರ್ಷದಲ್ಲಿ ಕಣ್ಣಿಗೆ ಬಿದ್ದ ತಪ್ಪನ್ನು ಅವಳು ಬಿಟ್ಟವಳಲ್ಲ. ಹೊಡೆದುಹಾಕಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಏಳು ಸಾಲು ಒಬ್ಬ ಮನುಷ್ಯ ಕಾದ ಕಾಲ. ಮೂರು ಸಾಲು ಒಮ್ಮೆ ಹೊಡೆದು ನೋಡಿದ್ದಾಯಿತು, ಇನ್ನು ತನ್ನ ಕೈಯಿಂದಾಗದು. ಪೆನ್ನು ಮುಚ್ಚಿಟ್ಟಳು.

ಚಿಕ್ಕ ಯಜಮಾನಿ ಚುರುಕು. ದೀಪದಕ್ಕ ಹೊರಟುಬಂದಳಲ್ಲ ಅಕ್ಕ, ಮತ್ತೆ ಇಲ್ಲಿ ದೀಪ ಉರೀತಿದೆ, ಇದು ತಪ್ಪಲ್ವಾ ಎಂದು ಕೇಳಿದಳು. ತಪ್ಪು ಎಂದಳು ತಿದ್ದಕ್ಕ. ಮತ್ತೆ? ಇರಲಿ ಬಿಡು, ಮಕ್ಕಳು ಕೇಳಲಿ ಎಂದಳು. ಚಿಕ್ಕ ಯಜಮಾನಿ ಅವಳನ್ನು ಮೈಯಲ್ಲಿ ಹುಷಾರಿಲ್ಲವೇನೋ ಎಂಬಂತೆ ನೋಡಿ ಕರಡು ಎತ್ತಿಕೊಂಡು ಹೋದಳು.

ಮಕ್ಕಳು ಕೇಳಿದರೆ ಆ ಕಾಗದ ಅವಳ ಮೇಜಿಗೇ ಬರುತ್ತದೆ. ಬಂದರೆ ಉತ್ತರ ಕೇಳಲು ಮೇಷ್ಟ್ರ ಮನೆಗೆ ಹೋಗಬೇಕಾಗುತ್ತದೆ. ತಿದ್ದಕ್ಕನ ಲೆಕ್ಕ ಇಷ್ಟೇ ಇತ್ತು, ಇದನ್ನು ಅವಳು ಬಚ್ಚಿಟ್ಟುಕೊಳ್ಳಲೂ ಹೋಗಲಿಲ್ಲ. ಹೊಸ ಪುಸ್ತಕಗಳು ಬಂದವು. ಐದನೇ ಕ್ಲಾಸಿನ ಹುಡುಗಿಗೆ ಒಂದು ಕಟ್ಟು ಕಳಿಸಿದರು; ಅಣ್ಣ ಸೋತ, ದೀಪದಕ್ಕ ಬಂದಳು, ಥ್ಯಾಂಕ್ಸ್ ಎಂದು ಎರಡೇ ಸಾಲಿನ ಉತ್ತರ ಬಂತು. ಬೇರೆ ಕಾಗದಗಳೂ ಬಂದವು. ದೂಳುಮೀನಿಗೆ ಎಷ್ಟು ಹಲ್ಲು, ನಾವಿಕನಿಗೆ ಮದುವೆಯಾಗಿದೆಯಾ, ಹನ್ನೆರಡನೇ ಪುಸ್ತಕ ಯಾವಾಗ. ದೀಪದ ಬಗ್ಗೆ ಒಬ್ಬರೂ ಕೇಳಲಿಲ್ಲ. ದಿನವೂ ಅಂಚೆ ಬಂದಾಗ ಅವಳೇ ಮೆಟ್ಟಿಲಿಳಿದು ಹೋಗಿ ತರುತ್ತಿದ್ದಳು. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು.

ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ, ತಂಗಿಯ ಫೋನು ಇಟ್ಟಮೇಲೆ, ತಿದ್ದಕ್ಕ ಗೆರೆ ಹಾಕಿದ ಹಾಳೆಯೊಂದನ್ನು ತೆಗೆದುಕೊಂಡು ಕೂತು ಬರೆದಳು:

“ಮಿಣುಕು ಬರೆದ ಮೇಷ್ಟ್ರಿಗೆ ನಮಸ್ಕಾರ. ನಿಮ್ಮ ಹನ್ನೊಂದು ಪುಸ್ತಕವನ್ನೂ ಓದಿದ್ದೇನೆ, ಮುಂದಿನಿಂದಲೇ. ನಾಲ್ಕನೇ ಪುಸ್ತಕದಲ್ಲಿ ದೀಪದಕ್ಕ ಹತ್ತಿ ಕೂತಳು. ಹಾಗಾದರೆ ಆಮೇಲೆ ಅಲ್ಲಿ ದೀಪ ಹಚ್ಚುತ್ತಿರುವವರು ಯಾರು? ಅದನ್ನು ಆರಿಸಲು ಯಾರಾದರೂ ಹೋಗಬೇಕಲ್ಲವೇ? ಒಬ್ಬರೇ ಹೋಗುವುದಕ್ಕೆ ದೂರ ಬಹಳ. ಉತ್ತರವನ್ನು ಕಚೇರಿಗೆ ಕಳಿಸಬೇಡಿ, ಮನೆಯ ವಿಳಾಸ ಕೆಳಗೆ ಬರೆದಿದ್ದೇನೆ.”

ಕೆಳಗೆ, ಸಂಬಳದ ದಿನ ಮಾತ್ರ ಹಾಕುವ ಸಹಿ ಹಾಕಿದಳು. ಮೇಲಿನಿಂದ ಕೆಳಗೆ ಒಂದು ಸಲ ಓದಿದಳು. ಮಡಿಸಿ, ಅಂಟಿಸಿ, ಮನಸ್ಸು ಬದಲಾಗುವ ಮೊದಲು ಕೆಳಗಿಳಿದು ರಸ್ತೆ ತಿರುವಿನ ಅಂಚೆ ಡಬ್ಬಿಗೆ ಹಾಕಿಬಂದಳು. ಆ ಕಾಗದದಲ್ಲಿ ಒಂದು ಕಡೆ ಒಂದು ಅಕ್ಷರ ಬಿಟ್ಟುಹೋಗಿತ್ತು. ತಿದ್ದಕ್ಕನಿಗೆ ಅದು ಕಾಣಲಿಲ್ಲ.